ಬೇಕರಿಯವನ ಮುಖದ ಕೆಳಗೆ

“ಇದರಲ್ಲೂ ಇಲ್ಲ!” ಎಂದು ಮಗಳು ಮೂರನೆಯ ಡಬ್ಬಿಯನ್ನೂ ಮಂಚದ ಮೇಲೆ ಸುರಿದಳು.

‘ನಿನ್ನ ಕಾರ್ಡು ಬರೆದು ನನ್ನ ಕೈಯಾರೆ ನಿನ್ನ ಕೈಗೆ ಕೊಡ್ತೀನಿ, ಇದು ಮಾತು’ ಎಂದು ಅಪ್ಪ ಹೇಳಿ ಮೂವತ್ತನಾಲ್ಕು ವರ್ಷವಾಗಿತ್ತು. ಆಗ ಅವಳಿಗೆ ಒಂಬತ್ತು. ಈಗ ಅಪ್ಪ ಮುಂದಿನ ಕೋಣೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದರು. ನಾಲ್ಕಕ್ಕೆ ಗಾಡಿ ಬರುವುದಿತ್ತು. ಗೋಡೆ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು.

ಡಬ್ಬಿಯಿಂದ ಬಿದ್ದದ್ದೇನು? ಹೊಟ್ಟೆ ಹಿಂಡಿಸಿಕೊಂಡ ಬಣ್ಣದ ಟ್ಯೂಬುಗಳು, ತಲೆ ಬೋಳಾದ ಕುಂಚಗಳು, ಮರಳುಕಾಗದದ ಚೂರುಗಳು, ಮತ್ತೆ ಒಂದು ಕಟ್ಟು ಹಳೆಯ ಕಾರ್ಡು: ಬೆಂಕಿ ಉಗುಳುವ, ಮೂರು ತಲೆಯ, ರೆಕ್ಕೆಯ ರಾಕ್ಷಸರು. ಒಂದು ಕಾಲದಲ್ಲಿ ಇವು ಬಿಸ್ಕತ್ತಿನ ಪೊಟ್ಟಣದಲ್ಲಿ ಒಂದೊಂದು ಬರುತ್ತಿದ್ದವು. ಮಕ್ಕಳು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಂಡು, ಯಾರಿಗೂ ಬೇಡವಾಗಿ ಮಿಕ್ಕಿದ್ದನ್ನು ಶಾಲೆಯ ವ್ಯಾನು ಓಡಿಸುವ ಅವಳ ಅಪ್ಪನಿಗೆ ಕೊಡುತ್ತಿದ್ದರು. ಅಪ್ಪ ರಾಕ್ಷಸನ ಹೊಳಪನ್ನು ತಿಕ್ಕಿ ತೆಗೆದು, ಬಿಳಿ ತಳಬಣ್ಣ ಬಳಿದು, ಅದರ ಮೇಲೆ ಅಕ್ರಿಲಿಕ್ಕಿನಲ್ಲಿ ಆ ಮಗುವನ್ನೇ ಕಾರ್ಟೂನು ಮಾಡಿ ಬರೆಯುತ್ತಿದ್ದರು. ಕೆಳಗೊಂದು ಸಾಲು, ‘ಶಕ್ತಿ: ಇಂಥದ್ದು’ ಎಂದು. ಮಗು ಶಾಲೆ ಬಿಡುವ ಕೊನೆಯ ದಿನ ವ್ಯಾನಿನಿಂದ ಇಳಿಯುವಾಗ ಕಾರ್ಡು ಕೈಗೆ. ಮೂವತ್ತೊಂದು ವರ್ಷದಲ್ಲಿ ಇಂಥ ಮುನ್ನೂರು ಮಕ್ಕಳಾದರೂ ಇಳಿದುಹೋಗಿರಬೇಕು.

ಅವಳು ಇಳಿದ ದಿನ ಅಪ್ಪ ಏನೂ ಕೊಟ್ಟಿರಲಿಲ್ಲ. ಕೇಳಿ ಪಡೆಯುವುದು ಬೇಡವೆಂದು ಅವಳೂ ಬಾಯಿ ಬಿಟ್ಟಿರಲಿಲ್ಲ. ಬರೆದಿದ್ದರೋ, ಮರೆತೇಬಿಟ್ಟಿದ್ದರೋ? ಅದೊಂದು ತಿಳಿಯಬೇಕಿತ್ತು, ಅದೂ ಅಪ್ಪ ಮನೆಯಲ್ಲಿರುವಷ್ಟರಲ್ಲಿ. ನಗುವುದಾದರೂ ಜಗಳವಾಡುವುದಾದರೂ ಎದುರಿಗೆ ಮುಖ ಬೇಕಲ್ಲ.

“ಪುಟ್ಟೀ, ಹೊರಗೆ ಬಾರೆ!” ಬಾಗಿಲಲ್ಲಿ ಅತ್ತೆ, ಅಪ್ಪನ ತಂಗಿ. ವಯಸ್ಸು ಎಪ್ಪತ್ತಾದರೂ ಗಂಟಲಿಗೆ ಅದು ಗೊತ್ತಿರಲಿಲ್ಲ. “ಅಣ್ಣನ ಮುಖ ನೋಡೋಕೆ ಬಂದೋರೆಲ್ಲ ಅವರವರ ಮುಖ ನೋಡ್ಕೊಂಡು ನಿಂತಿದಾರೆ. ಇದೇನು ಸಾವಿನ ಮನೇನೋ, ಫೋಟೋ ಸ್ಟುಡಿಯೋನೋ!”

ಅತ್ತೆ ಹೇಳಿದ್ದು ನಿಜ. ಮುಂದಿನ ಕೋಣೆ ಕಿಕ್ಕಿರಿದಿತ್ತು. ಒಂದು ಕಾಲದ ವ್ಯಾನಿನ ಮಕ್ಕಳು, ಈಗ ನರೆತವರು, ಬೊಜ್ಜಿನವರು, ಕಂಕುಳಲ್ಲಿ ಕೂಸು ಎತ್ತಿಕೊಂಡವರು. ಹೇಳಿ ಕಳಿಸಿದವರಿಲ್ಲ, ಆದರೂ ಎಲ್ಲರೂ ಕಾರ್ಡು ತಂದಿದ್ದರು. ಬಂದಾಗ ಪಿಸುಮಾತಿನಲ್ಲೇ ಶುರುವಾದದ್ದು ಈಗ ಜಾತ್ರೆಯಾಗಿತ್ತು.

“ಆಂಟಿ, ಇದು ನೋಡಿ!” ಸಮವಸ್ತ್ರದಲ್ಲೇ ಬಂದಿದ್ದ ಟ್ರಾಫಿಕ್ ಪೊಲೀಸಮ್ಮ ತನ್ನ ಕಾರ್ಡನ್ನು ಅತ್ತೆಯ ಮೂಗಿನಡಿ ಹಿಡಿದಳು. ಕಾರ್ಡಿನಲ್ಲಿ ಎರಡು ಜಡೆಯ ಹುಡುಗಿ, ಬಾಯಿ ಮಾತ್ರ ಧ್ವನಿವರ್ಧಕದಷ್ಟು. ಶಕ್ತಿ: ಒಂದೇ ಕೂಗಿಗೆ ನೂರು ಗಾಡಿ ನಿಲ್ಲುತ್ತವೆ. “ನನಗೆ ಆಗ ಹನ್ನೆರಡು ವರ್ಷ. ಕೆಲಸ ಸಿಕ್ಕಿದ್ದು ಇಪ್ಪತ್ಮೂರಕ್ಕೆ. ವ್ಯಾನ್ ಮಾಮಂಗೆ ಹೇಗೆ ಗೊತ್ತಾಯ್ತು?”

“ಗೊತ್ತಾಗೋದೇನು, ನಿನ್ನ ಕಿರುಚಾಟಕ್ಕೆ ಅವನ ಎಡಗಿವಿ ಹೋಗಿತ್ತು,” ಎಂದರು ಅತ್ತೆ.

ಕೋಣೆ ನಕ್ಕಿತು. ನಕ್ಕು, ಮಲಗಿದ್ದವರ ಕಡೆ ನೋಡಿ, ತಪ್ಪು ಮಾಡಿದ ಮಕ್ಕಳ ಹಾಗೆ ಬಾಯಿ ಮುಚ್ಚಿಕೊಂಡಿತು. ಮತ್ತೆ ನಕ್ಕಿತು.

ಆಗಲೇ ವ್ಯಾನಿನ ಇನ್ನೊಬ್ಬ ಹಳೆಯ ಹುಡುಗ, ಈಗಿನ ಬೇಕರಿಯವನು, ಜನರನ್ನು ಸರಿಸಿಕೊಂಡು ಮಗಳ ಬಳಿ ಬಂದ. ಅವಳಿಗಿಂತ ಒಂದು ವರ್ಷ ಚಿಕ್ಕವನು. ಆಗಿನ ಮೊರದಗಲದ ಕಿವಿಗಳು ಇನ್ನೂ ಹಾಗೆಯೇ ಇದ್ದವು. ಅವನ ಕಾರ್ಡಿನಲ್ಲಂತೂ ಅವು ರೆಕ್ಕೆಗಳಾಗಿ ಎರಡೂ ಅಂಚು ಮುಟ್ಟಿದ್ದವು. ಶಕ್ತಿ: ಎರಡು ಬೀದಿ ಆಚೆ ಬ್ರೆಡ್ಡು ಉಬ್ಬುವುದು ಕೇಳಿಸುತ್ತದೆ.

“ಒಲೆ ಪಕ್ಕದ ಗೋಡೆಗೆ ಹಾಕಿದ್ದೆ ಕಣೆ. ಕಾವಿಗೋ ಏನೋ, ಬಲಗಿವಿ ಅಂಚಲ್ಲಿ ಬಣ್ಣ ಎದ್ಬಿಟ್ಟಿದೆ. ನೀನು ಕನ್ನಡಕದಂಗಡೀಲಿ ಇಂಥ ಸಣ್ಣ ಕೆಲಸ ಮಾಡೋಳಲ್ವ, ಒಂಚೂರು ಅಂಟಿಸಿಕೊಡು. ಇವತ್ತೇ ಅಂತಲ್ಲ…”

ಅವಳು ಚೀಲದಿಂದ ಭೂತಗನ್ನಡಿ ತೆಗೆದಳು. ಲೆನ್ಸಿನ ಗೀರು ಹುಡುಕಿ ಹುಡುಕಿ ಪಳಗಿದ ಕಣ್ಣು. ಎದ್ದ ಬಣ್ಣದ ಕೆಳಗೆ ಬಿಳಿ. ಸರಿ, ಅದು ತಳಬಣ್ಣ. ಬಿಳಿಯ ಕೆಳಗೆ ರಾಕ್ಷಸನಿರಬೇಕು. ಇರಲಿಲ್ಲ. ದುಂಡನೆಯ ಒಂದು ಕಪ್ಪು ಅಂಚಿತ್ತು. ಅಂಚಿನೊಳಗೆ ಚರ್ಮದ ಬಣ್ಣದ ಪಟ್ಟಿ, ಪಟ್ಟಿಯ ಮೇಲೆ ನೇಯ್ಗೆಯ ಗೆರೆ.

ಲೋಕದಲ್ಲಿ ಕನ್ನಡಕದ ಗಾಜಿನ ಮೇಲೆ ಅಂಟುಪಟ್ಟಿ ಹಾಕಿಕೊಂಡು ಆ ವ್ಯಾನು ಹತ್ತಿದವರು ಒಬ್ಬರೇ.

“ಏ,” ಎಂದಳು, “ಇದರಡಿ ನಾನಿದೀನಿ ಕಣೋ.”

*

ಒಂದು ಕಣ್ಣು ಸೋಮಾರಿಯಾಗಿದೆ, ಅದು ದುಡಿಯಬೇಕೆಂದರೆ ಇನ್ನೊಂದನ್ನು ಮುಚ್ಚಬೇಕು ಎಂದು ಡಾಕ್ಟರು ಪಟ್ಟಿ ಹಾಕಿದ್ದರು. ಮರುದಿನವೇ ವ್ಯಾನಿನ ಹಿಂದಿನ ಸೀಟಿನಿಂದ “ಒಂಟಿಕಣ್ಣೀ!” ಎಂಬ ಕೂಗು ಬಂತು. ಆ ಹೆಸರಿಟ್ಟವನು ಕಿವಿಯ ಹುಡುಗ. ಎರಡು ವರ್ಷ ಅವಳಿಗೆ ಬೇರೆ ಹೆಸರಿರಲಿಲ್ಲ.

“ಕಾರ್ಟೂನು ಅಂದ್ರೆ ಬಹಳ ಸುಲಭ,” ಎಂದು ಅಪ್ಪ ಒಂದು ಮಧ್ಯಾಹ್ನ ಹೇಳಿದ್ದರು. ಶಾಲೆ ಬಿಡುವುದಕ್ಕೆ ಇನ್ನೂ ಹೊತ್ತಿದ್ದಾಗ ಸ್ಟೀರಿಂಗಿಗೆ ಹಲಗೆ ಒರಗಿಸಿ ಬರೆಯುವುದು ಅವರ ಪದ್ಧತಿ. ಅವತ್ತು ಕಣ್ಣಿನ ಆಸ್ಪತ್ರೆಯಿಂದ ಬಂದು ಅವಳೂ ಪಕ್ಕದಲ್ಲಿ ಕೂತಿದ್ದಳು. “ಒಬ್ಬೊಬ್ಬರಲ್ಲಿ ಒಂದೊಂದು ಎದ್ದು ಕಾಣತ್ತೆ. ಅದನ್ನ ಹಿಡಿದು ಬಲೂನ್ ಥರ ಊದೋದು. ಅಷ್ಟೇ.”

“ನನ್ನಲ್ಲಿ ಏನಪ್ಪ ಎದ್ದು ಕಾಣತ್ತೆ?”

ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿದರು. ನೋಡಿ, ಬೇಗ ಕುಂಚ ತೊಳೆಯತೊಡಗಿದರು.

“ನಿಂದು ಸ್ವಲ್ಪ ತಡವಾಗತ್ತೆ ಪುಟ್ಟಿ. ಆದ್ರೆ ಬರೆದು ನನ್ನ ಕೈಯಾರೆ ನಿನ್ನ ಕೈಗೆ ಕೊಡ್ತೀನಿ. ಇದು ಮಾತು.”

*

“ಬಿಡಿಸು!” ಎಂದ ಬೇಕರಿಯವನು.

“ಹುಚ್ಚಾ ನಿಂಗೆ? ನಿನ್ನ ಕಾರ್ಡು ಹಾಳಾಗತ್ತೆ.”

“ಆಗ್ಲಿ ಬಿಡು. ನನ್ನ ಮೂತೀನ ದಿನಾ ಬೆಳಿಗ್ಗೆ ಕನ್ನಡೀಲಿ ನೋಡ್ತೀನಿ, ನೋಡಿ ಸಾಕಾಗಿದೆ.”

ಸುದ್ದಿ ಕೋಣೆಯಲ್ಲಿ ಬೆಂಕಿಯ ಹಾಗೆ ಹಬ್ಬಿತು. ವ್ಯಾನ್ ಮಾಮ ಮಗಳ ಕಾರ್ಡೂ ಬರೆದಿದ್ರಂತೆ, ಇವನ ಮುಖದ ಅಡಿ ಇದೆಯಂತೆ! ಜನ ಒಬ್ಬರ ಹೆಗಲ ಮೇಲೊಬ್ಬರು ಬಿದ್ದರು. ಸ್ಪಿರಿಟ್ ಹಚ್ಚಿ ಒರೆಸಿ ಎಂದರು ಒಬ್ಬರು. ಬ್ಲೇಡಲ್ಲಿ ಕೆರೀರಿ ಎಂದರು ಇನ್ನೊಬ್ಬರು. ಸ್ಪಿರಿಟ್ ಹಚ್ಚಿದರೆ ಮೇಲಿನದರ ಜೊತೆ ಕೆಳಗಿನದೂ ಕರಗುತ್ತದೆ, ಕೆರೆದರೆ ಎರಡೂ ಹೋಗುತ್ತವೆ. ಅದು ಮಗಳಿಗೆ ಗೊತ್ತಿತ್ತು.

ಅತ್ತೆ ಮಾತ್ರ ಅಣ್ಣನ ತಲೆಯ ಬಳಿ ಸ್ಟೂಲಿನ ಮೇಲೆ ಕುಸಿದು ಕೂತಿದ್ದರು.

“ಒಂದ್ಸಲ ನನ್ನ ಕೇಳಿದ್ದ ಕಣೆ. ‘ಕಣ್ಣಿನ ಪಟ್ಟಿ ಬರೆದ್ರೆ ಅಳ್ತಾಳೆ, ಬಿಟ್ರೆ ಅವಳಾಗಲ್ಲ, ಏನ್ ಮಾಡ್ಲಿ’ ಅಂತ. ಏನೋ ದೊಡ್ಡ ರಾಜಕಾರ್ಯದ ಥರ ಮುಖ ಮಾಡ್ಕೊಂಡು. ನಾನು, ‘ಮೊದಲು ಆ ವ್ಯಾನಿನ ಬ್ರೇಕು ಸರಿ ಮಾಡಿಸು’ ಅಂದುಬಿಟ್ಟೆ.” ಅವರು ಸೆರಗಿನಿಂದ ಮೂಗೊರೆಸಿಕೊಂಡರು. “ಬಿಡಿಸೇ. ನಾನೂ ನೋಡ್ಬೇಕು.”

ಗಂಟೆ ಮೂರೂಕಾಲು.

“ಒಂದು ಹೇಳು,” ಎಂದು ಮಗಳು ಬೇಕರಿಯವನ ಕಡೆ ತಿರುಗಿದಳು. “ಈ ಕಾರ್ಡನ್ನ ಅಪ್ಪ ಯಾವತ್ತು ಬರೆದ್ರು? ಮುಂಚೇನೇ ಬರೆದಿಟ್ಟಿದ್ರಾ?”

“ಎಲ್ಲಿ! ಅವತ್ತು ಬೆಳಿಗ್ಗೆ ವ್ಯಾನ್ ಹತ್ತಿದ ಮೇಲೆ ತಾನೆ ನಾನು ಹೇಳಿದ್ದು, ನಾಳೆಯಿಂದ ಬರಲ್ಲ, ಮನೆ ಬದಲಾಯಿಸ್ತಿದೀವಿ ಅಂತ. ಸಂಜೆ ಇಳಿಯುವಾಗ ಕಾರ್ಡು ಕೈಲಿತ್ತು. ಬಣ್ಣ ಇನ್ನೂ ಹಸಿ. ಅಂಗಿಗೆಲ್ಲ ಮೆತ್ಕೊಂಡು ಅಮ್ಮನ ಕೈಲಿ ಏಟು ತಿಂದಿದ್ದೆ.”

ಅವಳು ಭೂತಗನ್ನಡಿಯನ್ನು ಮತ್ತೆ ಆ ಅಂಚಿಗೆ ಹಿಡಿದಳು.

*

ಆ ಮಧ್ಯಾಹ್ನವೂ ಅವಳು ಮುಂದಿನ ಸೀಟಿನಲ್ಲಿದ್ದಳು. ಜ್ವರವೆಂದು ಶಾಲೆಯಿಂದ ಬೇಗ ಕಳಿಸಿದ್ದರು. ಅಪ್ಪ ಸೀಟಿನಡಿ, ಚೀಲದಡಿ, ಜೇಬಿನಲ್ಲಿ ತಡಕಾಡುತ್ತಿದ್ದರು.

“ಖಾಲಿ ಕಾರ್ಡೇ ಇಲ್ವಲ್ಲೇ! ಇರೋದೊಂದು…” ಎಂದು ಹಲಗೆಯ ಹಿಂದಿನಿಂದ ಏನನ್ನೋ ಎಳೆದು, ಅವಳಿಗೆ ಬೆನ್ನು ತಿರುಗಿಸಿ ಸರಸರ ಬಿಳಿ ಬಳಿದರು.

“ಮರಳುಕಾಗದ ಹಾಕ್ಲಿಲ್ಲ ಅಪ್ಪ.” ಅದು ಅವರೇ ಕಲಿಸಿದ ಪಾಠ. ಹೊಳಪು ತಿಕ್ಕದೆ ಬಣ್ಣ ಹಚ್ಚಿದರೆ ಅದು ಬಣ್ಣವಲ್ಲ, ಬರೀ ಹೊದಿಕೆ. ಇವತ್ತಲ್ಲ ನಾಳೆ ಎದ್ದು ಬರುತ್ತದೆ.

“ಹೊತ್ತಿಲ್ಲ ಪುಟ್ಟಿ, ಆ ಹುಡುಗ ಬರಿಗೈಲಿ ಹೋಗ್ಬಾರದು,” ಎಂದು ಅಪ್ಪ ಕಾರ್ಡನ್ನು ಕಿಟಕಿಯ ಗಾಳಿಗೆ ಬೀಸಿ ಬೀಸಿ ಒಣಗಿಸಿದರು. ಒಣಗುವ ಮುಂಚೆಯೇ ಕಿವಿ ಬರೆಯಲು ಶುರು ಮಾಡಿದರು.

ಅವರು ಅಳಿಸಿದ್ದು ಏನನ್ನು ಎಂದು ಅವಳು ಕೇಳಿರಲಿಲ್ಲ.

*

“ಬಿಸಿನೀರು! ಒಂದು ಪಾತ್ರೆ ಬಿಸಿನೀರು, ಮೇಲೆ ತಟ್ಟೆ ಮುಚ್ಚಿ ತನ್ನಿ!”

ಐದಾರು ಜನ ಅಡಿಗೆಮನೆಗೆ ಒಟ್ಟಿಗೇ ನುಗ್ಗಿ ಬಾಗಿಲಲ್ಲಿ ಸಿಕ್ಕಿಕೊಂಡರು. ಪಾತ್ರೆ ಬಂತು. ಅತ್ತೆ ಬಿಟ್ಟುಕೊಟ್ಟ ಸ್ಟೂಲಿನ ಮೇಲೆ, ಅಪ್ಪನ ಭುಜದ ಪಕ್ಕದಲ್ಲೇ, ಅದನ್ನಿಟ್ಟಳು. ಬಿಸಿ ತಟ್ಟೆಯ ಮೇಲೆ ಕಾರ್ಡು. ಮಂಡಿಯೂರಿ ಕೂತು, ಫ್ರೇಮಿನಿಂದ ಲೆನ್ಸು ಎಬ್ಬಿಸುವ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯನ್ನು ಬಲಗಿವಿಯ ಅಂಚಿನಲ್ಲಿ ತೂರಿಸಿದಳು. ಕಾವಿಗೆ ಬಣ್ಣ ಮೆತ್ತಗಾಗಿತ್ತು. ಹಾಲಿನ ಕೆನೆಯ ಹಾಗೆ ಅದು ಒಂದು ಎಳೆ ಎದ್ದಿತು.

“ಅಯ್ಯೋ, ಬರ್ತಿದೆ, ಬರ್ತಿದೆ!”

“ಸುಮ್ನಿರ್ರೋ!” ಎಂದು ಅತ್ತೆ ಎಲ್ಲರಿಗಿಂತ ಜೋರಾಗಿ ಕೂಗಿದರು.

ಕಿವಿ ಬಂತು. ಕೆನ್ನೆ ಬಂತು. ಹತ್ತಿರದಲ್ಲಿ ಬೇಕರಿಯವನ ಉಸಿರು ಅವಳ ಕತ್ತಿಗೆ ಬಡಿಯುತ್ತಿತ್ತು.

“ಒಂಟಿಕಣ್ಣಿ ಅಂತ ಹೆಸರಿಟ್ಟೋನು ನಾನೇ ಕಣೆ,” ಎಂದ ಅವನು, ಅವಳೊಬ್ಬಳಿಗೆ ಕೇಳುವಷ್ಟೇ.

“ಗೊತ್ತು. ಊದಬೇಡ, ಕೈ ಅಲ್ಲಾಡತ್ತೆ.”

ಮೂಗಿನ ಬಳಿ ಬಣ್ಣ ಹಿಡಿದುಕೊಂಡಿತು. ಎಳೆದರೆ ಹರಿಯುತ್ತದೆ. ಅವಳು ಪ್ಲಾಸ್ಟಿಕ್ ಪಟ್ಟಿ ತೆಗೆದು, ಮತ್ತೆ ಕಾವು ಕೊಟ್ಟು, ಇನ್ನೊಂದು ಬದಿಯಿಂದ ಬಂದಳು. ಅಷ್ಟರಲ್ಲಿ ಹೊರಗೆ ಗಾಡಿಯ ಹಾರನ್ನು. ಇನ್ನೂ ಹತ್ತು ನಿಮಿಷವಿತ್ತು, ಆದರೂ ಚಾಲಕ ಬಾಗಿಲಿಗೆ ಬಂದು, “ಎತ್ತೋದಾ? ಇನ್ನೊಂದು ಕಡೆ ಹೋಗ್ಬೇಕು,” ಎಂದ.

ಪೊಲೀಸಮ್ಮ ತಿರುಗಿಯೂ ನೋಡದೆ ಒಂದು ಕೈ ಮೇಲೆತ್ತಿ, “ನಿಲ್ಲಿ!” ಎಂದಳು.

ಚಾಲಕ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟ.

ಮೂಗು ಬಂತು. ಎಡಗಿವಿ ಬಂತು. ಕೊನೆಗೆ ಅಕ್ಷರಗಳ ಸಾಲೂ ಸೇರಿ ಬೇಕರಿಯವನ ಮುಖ ಇಡೀ ಒಂದೇ ಹಾಳೆಯಾಗಿ ಎದ್ದು ಬಂದು ಅವಳ ಬೆರಳ ತುದಿಯಲ್ಲಿ ನೇತಾಡಿತು. ಅವನು ಅಂಗೈ ಒಡ್ಡಿದ. ಅವಳು ಅದನ್ನು ಅದರ ಮೇಲೆ ಮಲಗಿಸಿ, ಕೆಳಗೆ ನೋಡಿದಳು.

ಒಂಬತ್ತು ವರ್ಷದ ಹುಡುಗಿ. ಕೆದರಿದ ಕೂದಲು, ದುಂಡು ಕನ್ನಡಕ. ಒಂದು ಗಾಜಿನ ಮೇಲೆ ಪಟ್ಟಿ ಇತ್ತು. ಅದನ್ನು ಅಪ್ಪ ಬಿಟ್ಟಿರಲಿಲ್ಲ, ದೊಡ್ಡದೂ ಮಾಡಿರಲಿಲ್ಲ. ಊದಿದ್ದು ಇನ್ನೊಂದನ್ನು. ತೆರೆದಿದ್ದ ಆ ಕಣ್ಣು, ಸೋಮಾರಿಯೆಂದು ಡಾಕ್ಟರು ಬೈದಿದ್ದ ಆ ಕಣ್ಣು, ಗಾಜನ್ನೂ ಮೀರಿ ಅರ್ಧ ಕಾರ್ಡು ತುಂಬಿಕೊಂಡು, ಕಂದು ಬಣ್ಣದಲ್ಲಿ, ನಡುವೆ ಒಂದು ಬಿಳಿ ಚುಕ್ಕೆಯ ಬೆಳಕಿಟ್ಟುಕೊಂಡು ಎಲ್ಲರನ್ನೂ ದುರುಗುಟ್ಟಿ ನೋಡುತ್ತಿತ್ತು.

ಮನೆ ಹಾರಿಹೋಗುವಂತೆ ಕೂಗು ಎದ್ದಿತು. ಹಿಂದಿದ್ದವರು ಮುಂದೆ ನುಗ್ಗಿದರು, ಮುಂದಿದ್ದವರು ಮೇಲಕ್ಕೆತ್ತಿ ತೋರಿಸಿದರು, ಬಾಗಿಲಲ್ಲಿದ್ದ ಚಾಲಕನೂ ಕತ್ತು ಉದ್ದ ಮಾಡಿ, “ಎಲ್ಲಿ, ನಂಗೂ ಒಂಚೂರು,” ಎಂದ.

“ಇವಳೇ! ಥೇಟ್ ಇವಳೇ!” ಅತ್ತೆ ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವಂತಿರಲಿಲ್ಲ. “ಊಟಕ್ಕೆ ಕರೆದ್ರೆ ಹಿಂಗೇ ನೋಡ್ತಿದ್ದಳು!”

ಕಾರ್ಡಿನ ಕೆಳಗೆ ‘ಶಕ್ತಿ:’ ಎಂದಿತ್ತು. ಮುಂದೆ ಏನೂ ಇರಲಿಲ್ಲ. ಮುಖ ಬರೆದು ಮೊದಲು ಇಡೀ ಕಾರ್ಡಿಗೆ ಹೊಳಪಿನ ಲೇಪ, ಆಮೇಲೆ ಅಕ್ಷರ. ತಪ್ಪಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು. ಅದೂ ಅಪ್ಪನದೇ ಪಾಠ. ಎಷ್ಟು ಸಲ ಬರೆದು ಒರೆಸಿದ್ದರೋ, ಆ ಸಾಲಿನ ಜಾಗ ಮಾತ್ರ ಹೊಳಪು ಸವೆದು ಮಂಕಾಗಿತ್ತು.

ಮಗಳು ಅಪ್ಪನ ಮುಖದ ಹತ್ತಿರ ಬಗ್ಗಿದಳು. ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ಜಗಳ ನಾಲಿಗೆಯ ತುದಿಯಲ್ಲೇ ಇತ್ತು.

“ಚೆನ್ನಾಗಿದೆ ಅಪ್ಪ. ಖಾಲಿ ಬಿಟ್ಟೇ ಕೊಟ್ಟಿದ್ರೂ ಆಗ್ತಿತ್ತು.”

ನಾಲ್ಕು ಹೊಡೆಯಿತು. ಪೊಲೀಸಮ್ಮ ಕೈ ಇಳಿಸಿದಳು.

ಮಧ್ಯಾಹ್ನದ ಬೀದಿಯಲ್ಲಿ ಗಾಡಿ ನಿಧಾನವಾಗಿ ಹೊರಟಿತು. ಹಿಂದೆ ನಡೆದವರೆಲ್ಲ ಏರುದನಿಯಲ್ಲಿ ಮಾತಾಡುತ್ತಿದ್ದರು, ತಮ್ಮ ತಮ್ಮ ಕಾರ್ಡುಗಳ ಅಂಚನ್ನು ಬಿಸಿಲಿಗೆ ಹಿಡಿದು ಕೆಳಗೆ ಇನ್ನಾರಾದರೂ ಇದ್ದಾರೆಯೇ ಎಂದು ಇಣುಕುತ್ತಿದ್ದರು. ಬೇಕರಿಯವನು ಮಾತ್ರ ಅಂಗೈಯನ್ನು ನೀರು ತುಂಬಿದ ತಟ್ಟೆಯ ಹಾಗೆ ಸಮವಾಗಿ ಹಿಡಿದುಕೊಂಡು, ತನ್ನ ಮುಖ ಮಡಿಸಿಕೊಳ್ಳದಂತೆ, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಿದ್ದ. ಗಾಳಿಗೆ ಅದರ ಎರಡು ಕಿವಿಗಳೂ ಎದ್ದೆದ್ದು ಬೀಳುತ್ತಿದ್ದವು.

ಕೈಯಾರೆ ಕೊಡುತ್ತೇನೆಂದಿದ್ದ ಅಪ್ಪ ಕೊಡಲಿಲ್ಲ. ಕೊಟ್ಟವನು ಬೇಕರಿಯವನು.