ಕಾರಣ ಅನ್ನೋ ಕಾಲಂ

"ಕುಡುಕಿ ತಾಯಿ ಕೇಸು, ಯಾರಮ್ಮಾ ಅದು? ಬನ್ನಿ ಈ ಕಡೆ!"

ಡಾಕ್ಟರ ಚೀಟಿ ನೋಡಿ ಫಾರಂ ತುಂಬುತ್ತಿದ್ದ ಚೆನ್ನಯ್ಯ ಮೇಜಿನ ಹಿಂದಿನಿಂದ ಕೂಗಿದ. ಕಟ್ಟಾಯದ ಸಮುದಾಯ ಭವನದಲ್ಲಿ ಮಕ್ಕಳ ತಪಾಸಣಾ ಶಿಬಿರ. ನೆರೆದಿದ್ದವರ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ರಂಜಿತಾ ಎಂಟು ವರ್ಷದ ಮಗಳು ಧನ್ಯಾಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅರ್ಧ ಗಂಟೆ ಹಿಂದೆ ಡಾಕ್ಟರು ಒಳಕೋಣೆಯ ಬಾಗಿಲು ಹಾಕಿಕೊಂಡು, ಮಗು ಹೊಟ್ಟೆಯಲ್ಲಿದ್ದಾಗ ಮದ್ಯ ಕುಡಿದಿದ್ದಿರಾ ಎಂದು ಮೆಲ್ಲಗೆ ಕೇಳಿದ್ದರು. ರಂಜಿತಾ ಇದ್ದದ್ದನ್ನು ಹೇಳಿದ್ದಳು. ಬಸುರಿಯಾಗಿದ್ದಾಗ ನಾಟಿಗೆ ಹೋಗಿ ಬಂದಾಗಲೆಲ್ಲ, ಗದ್ದೆ ನೀರಿನ ಶೀತಕ್ಕೆ ಅಂತ ಅತ್ತೆ ಬಿಸಿನೀರಿಗೆ ಬ್ರಾಂದಿ ಹಾಕಿ ಕೊಡುತ್ತಿದ್ದರು. ಹೆರಿಗೆವರೆಗೂ ಕೊಟ್ಟರು.

"ನಿಮಗೆ ಗೊತ್ತಿರಲಿಲ್ಲ. ನಿಮ್ಮನ್ನ ನೀವು ಬೈಕೋಬೇಡಿ. ಮಗೂಗೆ ಕಲಿಯೋಕೆ ಸಹಾಯ ಬೇಕು, ಅಷ್ಟೆ" ಎಂದಿದ್ದರು ಡಾಕ್ಟರು. ಬೆಳಿಗ್ಗೆ ಕಲಿತ ಅಕ್ಷರ ಸಂಜೆಗೆ ಮರೆತಳೆಂದು ಮಗಳಿಗೆ ಕೊಟ್ಟ ಏಟುಗಳೆಲ್ಲ ರಂಜಿತಾಗೆ ಆಗ ನೆನಪಾಗಿದ್ದವು.

ಇವರನ್ನು ಶಿಬಿರಕ್ಕೆ ಕರೆತಂದಿದ್ದ ಟೀಚರ್ ನಾಗಲಕ್ಷ್ಮಿ ಮೇಜು ಕುಟ್ಟಿದರು. "ಏನ್ರೀ ಬಾಯಿಗ್ ಬಂದಂಗೆ ಕೂಗ್ತೀರಿ? ಕಾರಣ ಅನ್ನೋ ಕಾಲಂನಲ್ಲಿ 'ಗರ್ಭದಲ್ಲಿದ್ದಾಗ ಮದ್ಯದ ಪರಿಣಾಮ' ಅಂತ ಬರೀರಿ."

"ಎಲ್ಲಾ ಒಂದೇ ಅಲ್ವಾ ಮೇಡಂ? ಆಯ್ತು, ಬರೀತೀನಿ ಬಿಡಿ."

ಮೊದಲು ಬರೆದದ್ದನ್ನು ಹೊಡೆದುಹಾಕಿ ಹಾಗೇ ಬರೆದ. ಕಾಗದವೇನೋ ಸರಿಹೋಯಿತು. ಜನರ ಗುಸುಗುಸು ನಿಲ್ಲಲಿಲ್ಲ.

"ಇನ್ಮೇಲೆ ನನ್ ಮಗಳನ್ನ ಎಲ್ರೂ ಕುಡುಕಿ ಮಗಳು ಅಂತಾರೆ ಕಣತ್ತೆ" ಎಂದಳು ರಂಜಿತಾ.

ಪಕ್ಕದ ಬೆಂಚಿನಲ್ಲಿ ಕೂತಿದ್ದ ಅತ್ತೆ ಜಯಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ಏಯ್, ಕೇಳ್ರಿಲ್ಲಿ! ನನ್ ಸೊಸೆ ಕುಡುಕಿ ಅಲ್ಲ. ಕೊಟ್ಟೋಳು ನಾನು. ಔಸ್ದಿ ಅಂತ ಕೊಟ್ಟೆ. ನಮ್ಮತ್ತೇನೂ ನಂಗೆ ಅಂಗೇ ಕೊಟ್ಟಿದ್ರು."

ಹಿಂದಿನಿಂದ ಒಬ್ಬ, "ಅಂಗಾದ್ರೆ ಅತ್ತೆ ಸೊಸೆ ಇಬ್ರೂ ಜೊತೇಲೇ ಕುಂತ್ಕತಿದ್ರು ಅನ್ನು!" ಎಂದ. ಭವನವೆಲ್ಲ ನಕ್ಕಿತು. ಚೆನ್ನಯ್ಯನೂ ನಕ್ಕ. ಜಯಲಕ್ಷ್ಮಮ್ಮ ಯಾರನ್ನು ಬೈಯಬೇಕೆಂದು ತಿಳಿಯದೆ ಸುತ್ತ ನೋಡಿದರು.

ಫಾರಂಗೆ ಸೀಲು ಬೀಳಲು ಇನ್ನೂ ಹೊತ್ತಿತ್ತು. ಅತ್ತೆ, ಸೊಸೆ, ಮಗು ಮೂವರೂ ಹೋಗಿ ಬೆಂಚಿನ ಮೇಲೆ ಕೂತರು. ಪಕ್ಕದ ಹೆಂಗಸು ತನ್ನ ಮಗುವನ್ನು ಎತ್ತಿಕೊಂಡು ಆಚೆ ಗೋಡೆಗೆ ಹೋಗಿ ನಿಂತಳು. ಅವಳ ಹಿಂದೆಯೇ ಇನ್ನೊಬ್ಬಳೂ ಎದ್ದಳು.

ಜಾಗ ಖಾಲಿಯಾದದ್ದು ಕಂಡು ಧನ್ಯಾಗೆ ಖುಷಿಯಾಯಿತು. ಅಜ್ಜಿಯ ತೊಡೆಗೆ ತಲೆ ಕೊಟ್ಟು, ಬೆಂಚಿನುದ್ದಕ್ಕೂ ಕಾಲು ಚಾಚಿ ಮಲಗಿದಳು.