ಅರುವತ್ತು ದಾಟಿದ ಮೇಲಿನ ನಡುಕ

ಆ ವರ್ಷ, ಅಂದರೆ ಎಂಬತ್ತಮೂರರಲ್ಲಿ, ಜಯಪಾಲ ಶೆಟ್ಟಿ ತನ್ನ ಅಂಬಾಸಿಡರ್ ಕಾರನ್ನು ಐವತ್ತರ ಮೇಲೆ ಓಡಿಸುವುದನ್ನೇ ಬಿಟ್ಟಿದ್ದ. ಗಂಟೆಗೆ ಅರುವತ್ತು ಕಿಲೋಮೀಟರ್ ದಾಟಿದ ಕೂಡಲೇ ಕೈಯೊಳಗೆ ನಡುಕ ಶುರುವಾಗುತ್ತಿತ್ತು. ನಡುಗುವುದು ಸ್ಟಿಯರಿಂಗೋ ತನ್ನ ಕೈಗಳೋ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ತಿಳಿದುಕೊಳ್ಳುವ ಧೈರ್ಯವೂ ಇರಲಿಲ್ಲ.

ಅವನಿಗೆ ಐವತ್ತಾರು ವರ್ಷ. ಹಂಪನಕಟ್ಟೆಯಲ್ಲಿ ಊಟದ ಹೋಟೆಲು, ಬಿಕರ್ನಕಟ್ಟೆಯಲ್ಲಿ ಮನೆ. ಹೆಚ್ಚುಕಡಿಮೆ ಇದೇ ಪ್ರಾಯದಲ್ಲಿ ಅವನ ತಂದೆಗೆ ಕೈನಡುಕ ಹಿಡಿದಿತ್ತು. ಮೊದಲು ಎಡಗೈ, ಆಮೇಲೆ ಬಲಗೈ. ಕೊನೆಯ ಮೂರು ವರ್ಷ ತಂದೆಗೆ ಗಂಜಿ ಉಣಿಸಿದವನು ಜಯಪಾಲನೇ. ಚಮಚ ಬಾಯಿಯ ಹತ್ತಿರ ಬರುವಾಗ ಆ ದೊಡ್ಡ ಆಳು ನಾಚಿಕೆಯಿಂದ ಕಣ್ಣು ಮುಚ್ಚುತ್ತಿದ್ದದ್ದು ಅವನಿಗೆ ಇನ್ನೂ ಮರೆತಿರಲಿಲ್ಲ.

ಮೊದಲ ಸಲ ನಡುಕ ಗೊತ್ತಾದದ್ದು ಸುರತ್ಕಲ್‌ನಿಂದ ಬರುವಾಗ. ಮಗಳು ಶಶಿಪ್ರಭಾಳನ್ನು ಕೊಟ್ಟ ಮನೆ ಅಲ್ಲಿ. ಪಣಂಬೂರಿನ ನೇರ ರಸ್ತೆಯಲ್ಲಿ ಸ್ವಲ್ಪ ವೇಗ ಹೆಚ್ಚಿಸಿದ್ದೇ ತಡ, ಬೆರಳಿನಿಂದ ಮೊಣಕೈಯವರೆಗೆ ನಡುಕ ಹತ್ತಿತು. ಪಕ್ಕದಲ್ಲಿದ್ದ ಹೆಂಡತಿ ವಿನೋದಾಳನ್ನು ಕೇಳಿದ: “ಕಾರು ಅಲುಗುವುದು ಗೊತ್ತಾಗ್ತದಾ?”

“ಇಲ್ಲಪ್ಪ. ಎಂತದೂ ಇಲ್ಲ” ಎಂದಳು ಅವಳು, ಹೊರಗೆ ನೋಡುತ್ತ.

ಆ ಉತ್ತರ ಎರಡು ತಿಂಗಳು ಅವನ ಎದೆಯಲ್ಲಿ ಕೂತಿತು. ಪೇಟೆಯೊಳಗೆ ಮೂವತ್ತು ನಲುವತ್ತರಲ್ಲಿ ಹೋಗುವಾಗ ಏನೂ ಇಲ್ಲ. ಹಾಗಾಗಿ ಹೈವೇಯ ಕಡೆಗೆ ಹೋಗುವುದನ್ನೇ ಅವನು ತಪ್ಪಿಸತೊಡಗಿದ. ಶನಿವಾರ ಮಗಳ ಮನೆಗೆ ಹೋಗುವ ಕ್ರಮ ನಿಂತುಹೋಯಿತು. ಒಮ್ಮೆ ಹೋಟೆಲಿನಲ್ಲಿ ಕೆಲಸಕ್ಕೆ ಜನ ಇಲ್ಲ ಎಂದ, ಒಮ್ಮೆ ಸೊಂಟನೋವು ಎಂದ.

ದೀಪಾವಳಿ ಕಳೆದು ಶಶಿಪ್ರಭಾಳ ಬಯಕೆಯ, ಅಂದರೆ ಸೀಮಂತದ, ದಿನ ಗೊತ್ತಾಯಿತು. ಗಂಡನ ಮನೆಯಲ್ಲಿ ಮಡಿಲು ತುಂಬಿದ ಮೇಲೆ ಬಸುರಿ ಮಗಳನ್ನು ಹೆರಿಗೆಗಾಗಿ ತಾಯಿಮನೆಗೆ ಕರೆದುಕೊಂಡು ಬರಬೇಕು.

“ಟ್ಯಾಕ್ಸಿಯ ನೂರ್ ಮುಹಮ್ಮದನಿಗೆ ಹೇಳುವ. ಅವನು ಜಾಗ್ರತೆಯಲ್ಲಿ ಕರ್ಕೊಂಡು ಬರ್ತಾನೆ” ಎಂದ ಜಯಪಾಲ.

ವಿನೋದಾ ಕಡಿಯುತ್ತಿದ್ದ ಬಸಳೆಯನ್ನು ಅಲ್ಲಿಗೇ ಬಿಟ್ಟಳು. “ಅಂಗಳದಲ್ಲಿ ಕಾರು ಇರುವಾಗ, ಅಪ್ಪ ಇರುವಾಗ, ಚೊಚ್ಚಲ ಬಸುರಿಯನ್ನು ಬಾಡಿಗೆ ಕಾರಿನಲ್ಲಿ ತರುವುದಾ? ಅಳಿಯನ ಮೇಲೆ ಎಂತಾದರೂ ಸಿಟ್ಟು ಉಂಟಾ ನಿಮಗೆ?”

“ಸಿಟ್ಟು ಎಂತದು. ಇಲ್ಲ.”

“ಮತ್ತೆ?”

ಮಾತಿನ ನಡುವೆಯೇ ಅವನು ಎದ್ದುಹೋದ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವನು ಹಾಗೆ ಎದ್ದುಹೋದದ್ದು ಕಡಿಮೆ. ಮರುದಿನ ಅವನು ಹೋಟೆಲಿಗೆ ಹೋದ ಮೇಲೆ ವಿನೋದಾ ಕೊಡೆ ಹಿಡಿದು ನಂತೂರಿನ ತನಕ ನಡೆದಳು. ಅಲ್ಲಿ ಜೊಕಿಮ್‌ನ ಗ್ಯಾರೇಜು. ಕ್ರಿಶ್ಚಿಯನ್ನರನ್ನು ಪೊರ್ಬುಗಳು ಎಂದು ಕರೆಯುವ ರೂಢಿಯಂತೆ ಶೆಟ್ಟಿಯ ಮನೆಯವರಿಗೆ ಅವನು ಜೊಕಿಮ್ ಪೊರ್ಬು. ಅಂಬಾಸಿಡರ್ ಈ ಮನೆಗೆ ಬಂದಂದಿನಿಂದ ಅದಕ್ಕೆ ಕೈಹಾಕಿದವನು ಅವನೊಬ್ಬನೇ.

“ಪೊರ್ಬುಗಳೇ, ಇವರು ಐವತ್ತರ ಮೇಲೆ ಕಾರು ಬಿಡುವುದಿಲ್ಲ. ಹೈವೇ ಅಂದರೆ ಮುಖ ಸಣ್ಣ ಆಗ್ತದೆ. ಕೇಳಿದರೆ ಬಾಯಿ ಬಿಡುವುದಿಲ್ಲ. ಕಾರಿಗೆ ಎಂತ ಆಗಿದೆ ಅಂತ ಒಮ್ಮೆ ನೋಡ್ತೀರಾ?”

ಜೊಕಿಮ್ ಕೈಯ ಗ್ರೀಸ್ ಒರೆಸಿಕೊಂಡ. “ಆದಿತ್ಯವಾರ ಬರ್ತೇನೆ ಅಕ್ಕ. ಬಾಲಯೇಸುವಿನ ಇಗರ್ಜಿಯಲ್ಲಿ ಪೂಜೆ ಮುಗಿಸಿ ಸೀದಾ ನಿಮ್ಮಲ್ಲಿಗೇ.”

ಹೇಳಿದಂತೆ ಆದಿತ್ಯವಾರ ಬಿಳಿ ಅಂಗಿ ಹಾಕಿಕೊಂಡೇ ಬಂದ. ಚಹಾ ಕುಡಿದು, “ಶೆಟ್ರೇ, ಒಂದು ರೌಂಡ್ ಹೋಗುವ. ಇವತ್ತು ಕಾರು ನಾನು ಬಿಡ್ತೇನೆ” ಎಂದ. ಜಯಪಾಲ ಹೆಂಡತಿಯ ಮುಖ ನೋಡಿದ. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಕೂಳೂರು ಸೇತುವೆ ದಾಟಿದ ಮೇಲೆ ಜೊಕಿಮ್ ವೇಗ ಹೆಚ್ಚಿಸಿದ. ಐವತ್ತೈದಕ್ಕೆ ಏನೂ ಇಲ್ಲ. ಅರುವತ್ತು. ಅರುವತ್ತೈದು. ಜಯಪಾಲ ಮೆಕ್ಯಾನಿಕನ ಕೈಗಳನ್ನೇ ನೋಡುತ್ತಿದ್ದ.

“ದೇವಾ! ಇದೆಂತ ಇಷ್ಟು ನಡುಗುವುದು!” ಎಂದ ಜೊಕಿಮ್.

“ನಿಮಗೂ ಗೊತ್ತಾಗ್ತದಾ?”

“ಗೊತ್ತಾಗದೆ ಎಂತ? ನನ್ನ ವಾಚು ಕಳಚಿ ಬೀಳುವುದೊಂದು ಬಾಕಿ ಮಾರಾಯ್ರೆ. ಕೈ ಇಟ್ಟು ನೋಡಿ.”

ಜಯಪಾಲ ಬಲಗೈ ಚಾಚಿ ಸ್ಟಿಯರಿಂಗಿನ ಅಂಚು ಮುಟ್ಟಿದ. ಅದು ಜೇನುಗೂಡಿನ ಹಾಗೆ ಗುಂಯ್ಗುಡುತ್ತಿತ್ತು. ಅವನು ಕೈ ತೆಗೆದು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ. ಜೊಕಿಮ್ ಅದನ್ನು ನೋಡಿದ. ನೋಡಿಯೂ ಕಾರಿನ ಮಾತನ್ನೇ ಮುಂದುವರಿಸಿದ. ಎಪ್ಪತ್ತರಲ್ಲಿ ಗೇರನ್ನು ನ್ಯೂಟ್ರಲಿಗೆ ತಂದು ಕಾರನ್ನು ಹಾಗೆಯೇ ಉರುಳಲು ಬಿಟ್ಟ. ಇಂಜಿನ್ನಿನ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ.

“ಇಂಜಿನ್ನಿದ್ದಲ್ಲ. ಚಕ್ರದ್ದು. ಮುಂದಿನ ಚಕ್ರ ಅಂತ ಕಾಣ್ತದೆ.”

“ವಿನೋದಾಳಿಗೆ ಗೊತ್ತಾಗಲಿಲ್ಲವಲ್ಲ, ಪಕ್ಕದಲ್ಲೇ ಇದ್ದಳು.”

“ಮುಂದಿನ ಚಕ್ರದ ನಡುಕ ಹೆಚ್ಚಿನಂಶ ಸ್ಟಿಯರಿಂಗ್ ಹಿಡಿದವನಿಗೇ ಬರುವುದು ಶೆಟ್ರೇ. ಪಕ್ಕದಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?”

ಮನೆಗೆ ಮರಳಿ ಜೊಕಿಮ್ ಬಿಳಿ ಅಂಗಿ ಕಳಚಿ ಗೇಟಿನ ಮೇಲೆ ಹಾಕಿದ. ಜಾಕ್ ಕೊಟ್ಟು ಎಡಬದಿಯ ಮುಂದಿನ ಚಕ್ರವನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿದ. “ಸವೆದ ಈ ಟಯರಿನ ಮೇಲೆ ಚೌತಿಯ ಹೊತ್ತಿಗೆ ಹೊಸ ರಬ್ಬರ್ ಹಾಕಿಸಿದ್ದೀರಿ. ನನಗೆ ಇದರ ಮೇಲೆಯೇ ಸಂಶಯ. ನಡುಕ ಚಕ್ರದ ಒಟ್ಟಿಗೆ ಹಿಂದೆ ಹೋದರೆ ಕಳ್ಳ ಸಿಕ್ಕಿದ. ಆದರೆ ಹಿಂದಿನ ಸೀಟಿನಲ್ಲಿ ಒಬ್ಬರು ಕೂರಬೇಕು.”

“ನಾನು ಕೂರ್ತೇನೆ” ಎಂದಳು ವಿನೋದಾ, ಮೆಟ್ಟಲಿನಿಂದ ಇಳಿಯುತ್ತ.

ಈ ಸಲ ಸ್ಟಿಯರಿಂಗ್ ಹಿಡಿದವನು ಜಯಪಾಲ. ಪಣಂಬೂರು ಬಂತು. ಎರಡು ತಿಂಗಳ ಬಳಿಕ ಅವನ ಕಾಲು ಎಕ್ಸಿಲರೇಟರನ್ನು ಮನಸ್ಸಿಟ್ಟು ಒತ್ತಿತು. ಅರುವತ್ತೈದರಲ್ಲಿ ಸ್ಟಿಯರಿಂಗ್ ಹೆಚ್ಚು ಅಲುಗಲಿಲ್ಲ. ಹಿಂದಿನಿಂದ ವಿನೋದಾಳ ಕೂಗು ಕೇಳಿತು.

“ಅಯ್ಯಯ್ಯೋ! ಇಲ್ಲಿ ಅಡಿಯಿಂದ ಜುಮ್ ಅಂತ ಬರ್ತಾ ಉಂಟು! ಹಲ್ಲು ಸಹ ಅಲ್ಲಾಡ್ತದೆ!”

ಜೊಕಿಮ್ ತೊಡೆ ತಟ್ಟಿ ನಕ್ಕ. ವಿನೋದಾಳೂ ನಕ್ಕಳು, ಆಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿ ಕೇಳಿದಳು: “ಆವತ್ತು ನನ್ನ ಹತ್ತಿರ ಕೇಳಿದ್ದು ಇದನ್ನಾ? ಎರಡು ತಿಂಗಳಿಂದ ಇದನ್ನು ಒಬ್ಬರೇ ಹಿಡ್ಕೊಂಡು ಕೂತದ್ದಾ ನೀವು?”

ಬೈಕಂಪಾಡಿಯ ಹತ್ತಿರ ಒಂದು ಗಾಳಿಮರದ ಕೆಳಗೆ ಜಯಪಾಲ ಕಾರು ನಿಲ್ಲಿಸಿದ. ಜೊಕಿಮ್, “ನಟ್ಟು ಬಿಗಿ ಉಂಟಾ ನೋಡ್ತೇನೆ” ಎನ್ನುತ್ತ ಇಳಿದವನು ಚಕ್ರದ ಕಡೆಗೆ ಹೋಗದೆ, ರಸ್ತೆಯ ಆಚೆ ಬದಿಗೆ ಹೋಗಿ ಬೀಡಿ ಹಚ್ಚಿದ.

“ಅಪ್ಪನ ನಡುಕ ನನಗೂ ಬಂತು ಅಂತ ಗ್ರಹಿಸಿದೆ” ಎಂದ ಜಯಪಾಲ, ಹಿಂದೆ ತಿರುಗದೆ. “ಬಸುರಿ ಹುಡುಗಿಯನ್ನು ಕೂರಿಸಿಕೊಂಡು ಈ ಕೈಯಲ್ಲಿ ಹೇಗೆ ಬರುವುದು? ಅದಕ್ಕೇ ಟ್ಯಾಕ್ಸಿ ಅಂದದ್ದು.”

ವಿನೋದಾ ಸೀಟಿನ ಮೇಲಿಂದ ಬಗ್ಗಿ ಅವನ ಎಡಗೈಯನ್ನು ಹಿಡಿದುಕೊಂಡಳು. ಕಾರು ನಿಂತಿತ್ತು, ಇಂಜಿನ್ ಆರಿತ್ತು. ಆದರೂ ಅವಳ ಅಂಗೈಯೊಳಗೆ ಅವನ ಹೆಬ್ಬೆರಳು ಮೆಲ್ಲಗೆ, ತೀರಾ ಮೆಲ್ಲಗೆ ಆಡುತ್ತಿತ್ತು.

“ಕಾರಿನದ್ದು ಬೇರೆ. ಆದರೆ ಇದು ಸಹ ಉಂಟು” ಎಂದಳು. “ನೀವು ರೇಡಿಯೋ ಕೇಳ್ತಾ ಸುಮ್ಮನೆ ಕೂತಿರುವಾಗ ನೋಡಿದ್ದೇನೆ. ಮಳೆಗಾಲದಿಂದ.”

ಅವನು ತಿರುಗಿದ. “ಹೇಳಲಿಲ್ಲ ಯಾಕೆ?”

“ನೀವು ಯಾಕೆ ಹೇಳಲಿಲ್ಲ?”

ಒಂದು ಲಾರಿ ಕಾರನ್ನೇ ಅಲುಗಿಸಿಕೊಂಡು ಹಾದುಹೋಯಿತು. ಅವಳು ಸೆರಗಿನಿಂದ ತನ್ನ ಕಣ್ಣು ಒರೆಸಿ, ಅದೇ ಸೆರಗನ್ನು ಅವನ ಮುಖಕ್ಕೂ ಹಿಡಿದಳು. “ನಾಳೆ ಡಾಕ್ಟರಲ್ಲಿಗೆ ಹೋಗುವ. ಇಬ್ಬರೂ ಹೋಗುವ.”

ಸಂಜೆ ಅಂಗಳದಲ್ಲಿ ಜೊಕಿಮ್ ಆ ಚಕ್ರವನ್ನು ಮತ್ತೆ ಮುಂದಕ್ಕೇ ಹಾಕಿ, ನೆಲದಿಂದ ಎತ್ತಿ, ಬ್ರೇಕ್ ಸಡಿಲಿಸಿ ಕೈಯಿಂದ ತಿರುಗಿಸಿದ. ನಿಂತಾಗ ಕೆಳಗೆ ಬಂದ ಜಾಗಕ್ಕೆ ಸೀಮೆಸುಣ್ಣದ ಗೀರು ಹಾಕಿದ. ಮತ್ತೆ ಎರಡು ಸಲ ತಿರುಗಿಸಿದರೂ ಗೀರು ಕೆಳಗೇ ಬಂದು ನಿಂತಿತು. “ಇಲ್ಲಿ ರಬ್ಬರ್ ದಪ್ಪ ಕೂತಿದೆ. ಈ ಜಾಗ ಭಾರ. ಮೆಲ್ಲಗೆ ಹೋದರೆ ಗೊತ್ತಾಗುವುದಿಲ್ಲ, ಸ್ಪೀಡಿನಲ್ಲಿ ಕುಣಿಯುತ್ತದೆ.” ಆ ಟಯರನ್ನು ತೆಗೆದಿಟ್ಟು ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಹಾಕಿದ. ಹೊರಡುವಾಗ ಜಯಪಾಲನ ಹೆಗಲ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಹೇಳಿದ: “ನನ್ನ ಕೆಲಸ ಮುಗಿಯಿತು ಶೆಟ್ರೇ. ನಿಮ್ಮ ಕೈಯದ್ದು ನಾನೂ ನೋಡಿದ್ದೇನೆ, ತಡ ಮಾಡದೆ ಡಾಕ್ಟರಿಗೆ ತೋರಿಸಿ.”

ಕಂಕನಾಡಿಯ ಡಾಕ್ಟರು ಅವನನ್ನು ನಡೆಸಿದರು, ಬೆರಳು ಮಡಚಿಸಿದರು, ಹೆಸರು ಬರೆಸಿದರು. ತಂದೆಯದ್ದೇ ಕಾಯಿಲೆ, ಆದರೆ ಈಗಷ್ಟೇ ಆರಂಭ ಎಂದರು. “ನಿಮ್ಮ ತಂದೆಯ ಕಾಲದಲ್ಲಿ ಈ ಮಾತ್ರೆ ಇರಲಿಲ್ಲ. ಈಗ ಉಂಟು. ತುಂಬಾ ವರ್ಷ ನಿಮ್ಮ ಕೆಲಸ ನೀವೇ ಮಾಡ್ತೀರಿ.”

“ಕಾರು ಬಿಡಬಹುದಾ?”

“ಸದ್ಯಕ್ಕೆ ಓಡಿಸಿ, ತೊಂದರೆಯಿಲ್ಲ. ಓಡಿಸಬಾರದ ದಿನ ಬಂದರೆ ನಾನೇ ಹೇಳ್ತೇನೆ.”

ಹೊರಗೆ ಬಂದು ಜಯಪಾಲ ಆಸ್ಪತ್ರೆಯ ಮೆಟ್ಟಲ ಮೇಲೆ ಸ್ವಲ್ಪ ಹೊತ್ತು ಕೂತ. ಹೆದರಿದ್ದೇ ನಿಜವಾಗಿತ್ತು. ಆದರೂ ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅವನಿಗೆ ಹಸಿವಾಯಿತು. ಇಬ್ಬರೂ ಹತ್ತಿರದ ಹೋಟೆಲಿಗೆ ಹೋಗಿ ಗೋಳಿಬಜೆ ತಿಂದರು. “ನಮ್ಮಲ್ಲಿಯ ಹಾಗೆ ಆಗಲಿಲ್ಲ” ಎಂದು ಅವನು ಗೊಣಗಿದಾಗ ವಿನೋದಾಳಿಗೆ ಸಮಾಧಾನವಾಯಿತು.

ಬಯಕೆ ಮುಗಿದ ಸಂಜೆ ಶಶಿಪ್ರಭಾಳನ್ನು ಕರೆತಂದವನು ಅವನೇ. ಮುಡಿಯ ತುಂಬ ಮಲ್ಲಿಗೆ ಮುಡಿದ ಮಗಳು ತಾಯಿಯ ಹೆಗಲಿಗೆ ಒರಗಿ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು. ಸ್ಟಿಯರಿಂಗ್ ಅವನ ಕೈಯಲ್ಲಿ ಸದ್ದಿಲ್ಲದೆ ತಿರುಗಿತು.

ಮರುದಿನ ಬೆಳಗ್ಗೆ ದೋಸೆ ಬಡಿಸುತ್ತ ವಿನೋದಾ ಹೇಳಿದಳು: “ನನಗೆ ಕಲಿಸಿ.”

“ಎಂತ?”

“ಕಾರು ಬಿಡ್ಲಿಕ್ಕೆ.”

“ಈ ಪ್ರಾಯದಲ್ಲಾ?”

“ನಲುವತ್ತೊಂಬತ್ತು ದೊಡ್ಡ ಪ್ರಾಯ ಎಂತದು? ನಿಮಗೆ ಆಗದ ದಿನ ನೂರ್ ಮುಹಮ್ಮದನನ್ನು ಕಾಯ್ತಾ ಕೂರಬೇಕಾ ನಾನು?”

ಅವನು ಕಲಿಸಿದ. ಪಣಂಬೂರಿನ ಬಯಲಿನಲ್ಲಿ ವಿನೋದಾ ಕ್ಲಚ್ ಬಿಡಲು ತಿಳಿಯದೆ ಕಾರನ್ನು ಕಪ್ಪೆಯ ಹಾಗೆ ಹಾರಿಸಿದಳು. ಒಂದು ಮಡ್‌ಗಾರ್ಡು ಗೋಡೆಗೆ ಒರಸಿ ತಗ್ಗಾಯಿತು. ಜೊಕಿಮ್ ಅದನ್ನು ಬಡಿದು ಸರಿಮಾಡಿ, “ಅಕ್ಕ, ಶೆಟ್ರು ಇಷ್ಟು ವರ್ಷದಲ್ಲಿ ನನಗೆ ಈ ಕೆಲಸ ಕೊಡಲಿಲ್ಲ ನೋಡಿ” ಎಂದ. ಜಯಪಾಲ ಒಂದು ದಿನವೂ ಗದರಲಿಲ್ಲ. ಮಾರ್ಚಿನಲ್ಲಿ ಅವಳಿಗೆ ಲೈಸೆನ್ಸ್ ಸಿಕ್ಕಿತು. ಆ ಹೊತ್ತಿಗೆ ಮೊಮ್ಮಗಳಿಗೆ ಒಂದೂವರೆ ತಿಂಗಳು.

ಮೇ ತಿಂಗಳಲ್ಲಿ ಮಗಳನ್ನೂ ಮಗುವನ್ನೂ ಸುರತ್ಕಲ್‌ಗೆ ಬಿಟ್ಟುಬರುವ ದಿನ ವಿನೋದಾ ತಾನೇ ಹೋಗಿ ಸ್ಟಿಯರಿಂಗಿನ ಎದುರು ಕೂತಳು. ಜಯಪಾಲ ಪಕ್ಕದಲ್ಲಿ ಕೂತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಎಡಗೈ ಅಷ್ಟಿಷ್ಟು ಆಡುತ್ತಿತ್ತು. ಅವನು ಅದನ್ನು ಪಂಚೆಯೊಳಗೆ ಅಡಗಿಸಲಿಲ್ಲ.

ಕೂಳೂರಿನ ಆಚೆ ಮುಂದೆ ಒಂದು ಬಸ್ಸು ಅಡ್ಡ ಸಿಕ್ಕಿತು.

“ಹಾರ್ನ್ ಹಾಕು, ಬಲಬದಿಯಿಂದ ಮುಂದೆ ಹೋಗು” ಎಂದ ಅವನು.

“ಮಗು ಮಲಗಿದೆ. ನೀವು ಸುಮ್ಮನೆ ಕೂತ್ಕೊಳ್ಳಿ” ಎಂದು ಹೇಳಿ ವಿನೋದಾ ಹಾರ್ನ್ ಹಾಕದೆ, ಅವಸರವಿಲ್ಲದೆ, ಬಸ್ಸಿನ ಹಿಂದೆಯೇ ಹೋದಳು.