ಗೇಟಮ್ಮ ಹಳಿ ದಾಟಿದ್ದು

“ಇಳಿಸ್ರಪ್ಪಾ, ಹೆಣ ಕೆಳಗಿಳಿಸಿ. ಇನ್ನೂ ಹೊತ್ತಾಗುತ್ತೆ,” ಎಂದು ಗೇಟಿನವನು ಕೈ ಅಡ್ಡ ಹಿಡಿದ.

“ಇಳಿಸಲ್ಲ,” ಎಂದಳು ಸತ್ತವಳ ಮಗಳು. ಮುಂದಿನ ಹೆಗಲು ಅವಳದೇ.

ಸ್ಮಶಾನ ಹಳಿಯ ಆಚೆಗಿತ್ತು. ರಸ್ತೆಗೆ ನಾಲ್ಕು ಮಾರು ಹಿಂದೆಯೇ ಹಬೆಯ ಎಂಜಿನ್ನು ನಿಂತಿತ್ತು. ಅದರ ಸುತ್ತ ಪ್ರವಾಸಿಗಳು ಫೋಟೋ ತೆಗೆಯುತ್ತಿದ್ದರು.

“ರೈಲು ನಿಂತೇ ಇದೆಯಲ್ಲ, ಗೇಟು ಎತ್ತೋಕೇನು ದಾಡಿ?”

“ಗೇಟು ಬಿದ್ದಿದ್ರೇನೇ ಹಳೇ ಕಾಲದ ಥರ ಕಾಣೋದಂತೆ. ಫೋಟೋ ಮುಗೀಲಿ.”

ಚಿಕ್ಕಪ್ಪ ಹಿಂದಿನಿಂದ ಗೊಣಗಿದ: “ಸತ್ತ ದಿನ ಜಗಳ ಬೇಡ ಕಣೇ.”

“ಅವ್ವನ ಮನೆ ಖಾಲಿ ಮಾಡ್ಸಿದಾಗ್ಲೂ ‘ಜಗಳ ಬೇಡ’ ಅಂದೋನು ನೀನೇ, ಚಿಕ್ಕಪ್ಪ.”

*

ಈ ಗೇಟು ಕಾಯುತ್ತಿದ್ದ ಅವ್ವ ಊರಿಗೆಲ್ಲ ಗೇಟಮ್ಮ. ಸಾಹೇಬರ ಕಾರು ಎಷ್ಟು ಹಾರ್ನು ಬಡಕೊಂಡರೂ ಕಿವಿಗೆ ಹಾಕಿಕೊಳ್ಳದವಳು, ಒಮ್ಮೆ ಹೆರಿಗೆ ನೋವಿನವಳನ್ನು ಹೊತ್ತ ಗಾಡಿ ಬಂದಾಗ ಕೆಂಪು ಬಾವುಟ ಹಿಡಿದು ಹಳಿಗುಂಟ ಓಡಿ ರೈಲನ್ನೇ ನಿಲ್ಲಿಸಿದ್ದಳು. ಅದಕ್ಕೆ ಬಡ್ತಿ ತಪ್ಪಿತು. “ತಪ್ಪಿದ್ರೆ ತಪ್ಲಿ, ಮಗು ಉಳೀತಲ್ಲ,” ಎಂದು ನಕ್ಕಿದ್ದಳು.

ನಷ್ಟವೆಂದು ಮಾರ್ಗ ಮುಚ್ಚಿದಾಗ ಅವಳನ್ನು ಕೇಳಿದವರಿಲ್ಲ. ಗೇಟಿನ ಮನೆಯಲ್ಲೇ ಉಳಿದು ಹಳಿಗಳ ನಡುವೆ ಬದನೆ ಬೆಳೆದಳು. ಹೋದ ವರ್ಷ ಅದೇ ರೈಲು ‘ಪರಂಪರೆ’ಯಾಗಿ ಎದ್ದು ಬಂತು. ಅಧಿಕಾರಿಗಳು ಬಂದು ಅವಳ ಪಾತ್ರೆಪಗಡವನ್ನು ಹೊರಗಿಟ್ಟರು. ಮನೆ ಕಾಫಿ ಅಂಗಡಿಯಾಯಿತು.

“ಗೇಟಾದ್ರೂ ನಾನೇ ನೋಡ್ಕೋತೀನಿ ಸಾರ್.”

“ಇದು ಮೋಜಿನ ರೈಲು ಅಜ್ಜಿ. ನೋಡೋಕೆ ಲಕ್ಷಣವಾಗಿರೋರು ಬೇಕು.”

ಆಮೇಲೆ ಮಗಳ ಒಂಟಿ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವಳು ಮತ್ತೆ ಏಳಲಿಲ್ಲ. ಸೀಟಿ ಕೇಳಿದಾಗಲೆಲ್ಲ ಕಿವಿಗೆ ದಿಂಬು ಒತ್ತಿಕೊಳ್ಳುತ್ತಿದ್ದಳು.

*

ಮಗಳು ತನ್ನ ಹೆಗಲಿನ ಭಾರವನ್ನು ಚಿಕ್ಕಪ್ಪನಿಗೆ ದಾಟಿಸಿದಳು. ಗೇಟಿನವನನ್ನು ಪಕ್ಕಕ್ಕೆ ನೂಕಿ, ಹಿಡಿಕೆಗೆ ಕೈ ಹಾಕಿ ತಿರುಗಿಸಿದಳು. ಗೇಟು ಕಿರುಗುಟ್ಟುತ್ತ ಮೇಲೆದ್ದಿತು.

“ನನ್ ಕೆಲ್ಸ ಹೋಗುತ್ತೆ ಕಣಮ್ಮಾ!”

“ನಮ್ಮವ್ವಂದೂ ಹೋಯ್ತು. ದಾರಿ ಬಿಡು.”

ಹೊತ್ತವರು ಹಳಿಗೆ ಕಾಲಿಡುತ್ತಿದ್ದಂತೆ ಎಂಜಿನ್ನು ಭುಸ್ಸೆಂದಿತು. ಹೊಗೆ ಕವಿದು ಯಾರಿಗೆ ಯಾರೂ ಕಾಣದಾದರು. ಅಂತೂ ಆಚೆ ದಡ ಮುಟ್ಟುವಷ್ಟರಲ್ಲಿ ಕ್ಯಾಮರಾದವನೊಬ್ಬ ಏದುಸಿರು ಬಿಡುತ್ತ ಓಡಿಬಂದ.

“ಮೇಡಂ, ಹೊಗೇಲಿ ಸರಿಯಾಗಿ ಬರ್ಲಿಲ್ಲ. ಇನ್ನೊಂದ್ಸಲ ದಾಟಿ ಬರ್ತೀರಾ?”

ಅವ್ವನ ಕೆನ್ನೆಯ ಮೇಲೊಂದು ಮಸಿಯ ಕಣ ಬಿದ್ದಿತ್ತು. ಮಗಳು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು. ಅದು ಕಪ್ಪಗೆ ಹರಡಿತು, ಒರೆಸಿದಷ್ಟೂ ಹರಡಿತು.